ಬಂಡೆ ಮುಚ್ಚಿದ ಸದ್ದು

ನಂಬಿ ಎಂದು ನಾನು ಯಾರನ್ನೂ ಕೇಳಿಕೊಳ್ಳುವುದಿಲ್ಲ, ಆದದ್ದನ್ನು ಹೇಳುತ್ತೇನೆ. ಹೊಸಪೇಟೆಯಲ್ಲಿ ನಾನೂ ನಮ್ಮಣ್ಣ ರೇವಣಸಿದ್ದನೂ ಸೇರಿ ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಬ್ಯಾಂಡ್ ಕಟ್ಟಿದ್ದೆವು. ಇಡೀ ಆಲ್ಬಮ್ ವಾಲಿ-ಸುಗ್ರೀವರದೇ ಕಥೆ. ವಾಲಿಯಾಗಿ ಹಾಡುವವನು ಅಣ್ಣ, ಸುಗ್ರೀವನಾಗಿ ನಾನು. ರಾಕ್ಷಸನ ಬೆನ್ನಟ್ಟಿ ಗುಹೆಗೆ ನುಗ್ಗಿದ ಅಣ್ಣ ಸತ್ತನೆಂದು ತಿಳಿದು ಸುಗ್ರೀವ ಗುಹೆಗೆ ಬಂಡೆ ಮುಚ್ಚುತ್ತಾನಲ್ಲ, ನಮಗೆ ಆ ಸದ್ದು ಬೇಕಿತ್ತು.

ಕಂಪ್ಲಿಯಲ್ಲಿ ನಮ್ಮ ಮಾವನ ಹಳೆಯ ರೈಸ್‌ಮಿಲ್ ಖಾಲಿ ಬಿದ್ದಿತ್ತು; ಅದರ ಗೋದಾಮಿನ ಕಬ್ಬಿಣದ ಷಟರ್ ಎಳೆದರೆ ಆ ಸದ್ದು ಸಿಕ್ಕೀತೆಂದು ಹೋದೆವು. ಮೇ ತಿಂಗಳ ಮಟಮಟ ಮಧ್ಯಾಹ್ನ. ಅಣ್ಣ ಗೋದಾಮಿನ ನಡುವೆ ಮೈಕ್ ಇಟ್ಟು, ವೈರು ಎಳೆದುಕೊಂಡು ಹೊರಬಂದ. ನಾನು ಹೆಡ್‌ಫೋನ್ ಹಾಕಿಕೊಂಡು ಷಟರ್ ಧಡಾರನೆ ಕೆಳಗೆಳೆದೆ. ಅಣ್ಣ ಪಕ್ಕದಲ್ಲಿ ನಿಂತು ನನ್ನ ಹೆಗಲ ಮೇಲೆ ಕೈಯಿಟ್ಟ. ಆ ಬಿಸಿಲಲ್ಲೂ ಕೈ ತಣ್ಣಗಿತ್ತು.

ಸದ್ದು ಅಡಗಿತು. ಆಮೇಲೆ ಹೆಡ್‌ಫೋನಿನಲ್ಲಿ, ಒಳಗೆ ಭತ್ತದ ಹೊಟ್ಟಿನ ಮೇಲೆ ಯಾರೋ ನಡೆದು ಬಂದಂತೆ ಕೇಳಿಸಿತು. ಒಳಗಿನಿಂದ ಷಟರ್ ಬಡಿದರು. ನನ್ನ ಕಣ್ಣೆದುರಿನ ಷಟರ್ ಅಲ್ಲಾಡಲಿಲ್ಲ.

“ಲೇ ಈಶ್ವರ, ಷಟರ್ ಎತ್ತಲೇ. ನಾ ಇನ್ನೂ ಒಳಗದೀನಿ.”

ಅಣ್ಣನ ದನಿ. ತಿರುಗಿ ನೋಡಿದೆ. ಅಣ್ಣ ಬಾಯಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ.

ಷಟರ್ ಎತ್ತಲು ಬಗ್ಗಿದೆ. ಹೆಗಲ ಮೇಲಿನ ಕೈ ಬಿಗಿಯಾಯಿತು.

“ಬ್ಯಾಡ. ಬೀಗ ಹಾಕು, ಮನಿಗೆ ಹೋಗಾಣ.”

ಹಾಕಿದೆ.

ಎರಡು ವರ್ಷವಾಯಿತು. ಅಣ್ಣ ನಮ್ಮ ಜೊತೆಯಲ್ಲೇ ಇದ್ದಾನೆ, ಹಾಡುವುದನ್ನು ಬಿಟ್ಟಿದ್ದಾನೆ. ಊಟಕ್ಕೆ ಕೂತಾಗ ಅವನ ಕೈ ತಾಗಿದರೆ ಇಂದಿಗೂ ತಣ್ಣಗಿರುತ್ತದೆ. ಆ ಷಟರನ್ನು ಅಂದಿನಿಂದ ಎತ್ತಿಲ್ಲ; ಗೋದಾಮಿನ ಬೀಗದ ಕೈ ನನ್ನ ಹತ್ತಿರವೇ ಇದೆ.