ನಿಶ್ಶಬ್ದದ ಕಡೆಗೆ ಸರಿದ ಸ್ವಿಚ್

“ಕೈ ತೆಗೀರಿ! ಮೊದಲು ಕೈ ತೆಗೀರಿ!”

ಅವಳು ಬೆಚ್ಚಿ, ಬಿಚ್ಚಿಟ್ಟ ಕಂಪ್ಯೂಟರಿನಿಂದ ಕೈ ತೆಗೆದು ಹಿಂದೆ ಸರಿದಳು. ಬಾಗಿಲಲ್ಲಿದ್ದ ಅಪರಿಚಿತ ಎರಡೇ ಹೆಜ್ಜೆಗೆ ಒಳಗೆ ಬಂದು ಗೋಡೆಯ ಮೇನ್ ಸ್ವಿಚ್ ಆರಿಸಿದ.

“ಆರಿಸದೇ ಕಾರ್ಡ್ ಎಳೀತಾರೇನ್ರೀ ಯಾರಾದ್ರೂ? ಬೋರ್ಡೇ ಸುಟ್ಟು ಹೋಗ್ತಿತ್ತು!”

ಸುಟ್ಟು... ಆ ಒಂದು ಪದಕ್ಕೆ ಅವಳ ಅಂಗೈ ತಣ್ಣಗಾಯಿತು. ಎರಡು ವರ್ಷದ ಹಿಂದೆ ಇದೇ ಮೇಜಿನ ಮೇಲೆ, ಅವಳ ಕೈಯಿಂದಲೇ, ಪರದೆಗೆ ಚಿತ್ರ ಮೂಡಿಸುವ ಒಂದು ಗ್ರಾಫಿಕ್ಸ್ ಕಾರ್ಡ್ ಹೊಗೆಯಾಗಿತ್ತು. ಆ ವಾಸನೆ ಕೋಣೆ ಬಿಟ್ಟು ಹೋಗಿತ್ತು, ಅವಳನ್ನು ಬಿಟ್ಟಿರಲಿಲ್ಲ. ಅಂದಿನಿಂದ ಭಯವಾದಾಗಲೆಲ್ಲ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ.

“ನೋಡಿ, ನಮ್ಮ ಥರ್ಮಾಮೀಟರ್‌ಗೇ ಜ್ವರ!” ಒಳಬಂದ ಅವಳ ಚಿಕ್ಕಮ್ಮ ನಕ್ಕಳು. ಕಂಪ್ಯೂಟರ್ ಭಾಗಗಳನ್ನು ಪರೀಕ್ಷಿಸಿ ಬರೆಯುವ ಪತ್ರಿಕೆಯೊಂದರ ಸಂಪಾದಕಿ ಚಿಕ್ಕಮ್ಮ, ಪರೀಕ್ಷಕಿ ಇವಳು. ಯಾವ ಕಾರ್ಡಾದರೂ ಎಂಬತ್ತು ಡಿಗ್ರಿ ಮುಟ್ಟಿದೊಡನೆ ನಿಲ್ಲಿಸಿಬಿಡುತ್ತಿದ್ದುದರಿಂದ ಆ ಅಡ್ಡಹೆಸರು.

ಬಂದವನು ಹೊಸ ಕಾರ್ಡಿನ ತಂಪಿನ ವ್ಯವಸ್ಥೆಯನ್ನು ರೂಪಿಸಿದ ಎಂಜಿನಿಯರ್. ಅವನ ಹೆಸರಿನಲ್ಲಿ ಹೊರಬರಲಿದ್ದ ಮೊದಲ ಕೆಲಸ ಅದು. ಮೂರು ಫ್ಯಾನಿನ ಆ ಭಾರಿ ಕಾರ್ಡನ್ನು ಅವನು ಮಲಗಿದ ಮಗುವನ್ನು ಎತ್ತುವಂತೆ ಪೆಟ್ಟಿಗೆಯಿಂದ ಎತ್ತಿದ.

ಮೊದಲ ದಿನ ಪರೀಕ್ಷೆಯ ವಿಡಿಯೋ ಆಟ ಸೆಕೆಂಡಿಗೆ ನೂರನಲವತ್ತೆರಡು ಚಿತ್ರದ, ಅಂದರೆ ಫ್ರೇಮಿನ, ಲೆಕ್ಕದಲ್ಲಿ ನೀರಾಗಿ ಹರಿಯಿತು. ನಿಗದಿತ ವೇಗಕ್ಕಿಂತ ಮೇಲಕ್ಕೆ, ಓವರ್‌ಕ್ಲಾಕಿಂಗ್‌ಗೆ, ಅವಳು ಒಂದೊಂದೇ ಮೆಟ್ಟಿಲು ಹತ್ತಿಸಿದಳು. ಅವನು ಪರದೆಯತ್ತ ನೋಡಲೇ ಇಲ್ಲ. ಕಣ್ಣು ಮುಚ್ಚಿ ಕೂತಿದ್ದ.

“ನಿದ್ದೆ ಬಂತಾ?”

“ಫ್ಯಾನ್ ಕೇಳ್ತಿದೀನಿ. ಕಾರ್ಡ್ ಸುಖವಾಗಿದ್ಯೋ ಇಲ್ವೋ ಅಂತ ಅಂಕಿಗಿಂತ ಮೊದಲು ಅದು ಹೇಳುತ್ತೆ.”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಭಯ... ಕಾರ್ಡಿನದಲ್ಲ. ಇಷ್ಟು ಬೇಗ ಒಬ್ಬರ ಮೇಲೆ ನಂಬಿಕೆ ಬರಬಹುದೇ?

ಕೊನೆಯ ಗಡಿಯ ಪರೀಕ್ಷೆಗೆ ಆ ಕೋಣೆಯಲ್ಲೊಂದು ಪದ್ಧತಿಯಿತ್ತು: ಒಬ್ಬರು ವೇಗ ಏರಿಸಬೇಕು, ಇನ್ನೊಬ್ಬರು ಮೇನ್ ಸ್ವಿಚ್ ಮೇಲೆ ಕೈಯಿಟ್ಟು ಕಾಯಬೇಕು. ಎರಡು ವರ್ಷದಿಂದ ಅವಳು ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ.

ಮರುದಿನ ಬೆಳಗ್ಗೆ ಅಂಕಿ ನೂರಹದಿನೆಂಟಕ್ಕೆ ಕುಸಿಯಿತು. ಅವಳು ನಿಲ್ಲಿಸುವ ಮೊದಲೇ ಶಾಖ ಎಂಬತ್ತನಾಲ್ಕು ಡಿಗ್ರಿ. ಆಟ ಮೂರು ಸಲ ಕೈಕೊಟ್ಟಿತು. ನಿನ್ನೆ ಅವನು ತಂದ ಪೆನ್‌ಡ್ರೈವ್ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಇಂದು ಬಂದವನೇ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡಿದ್ದ!

“ಅದರಲ್ಲಿ ಏನಿತ್ತು?”

“ಕಾರ್ಡ್ ಓಡಿಸೋ ಡ್ರೈವರ್ ಫೈಲ್. ಯಾಕೆ?”

“ನಿನ್ನೆಯ ಪರೀಕ್ಷೆಯಲ್ಲಿ ಮಾತ್ರ ಕಾರ್ಡ್ ವೇಗವಾಗಿ ಓಡೋ ಹಾಗೆ ಏನೋ ಮಾಡಿ, ಈಗ ಗುರುತು ಅಳಿಸ್ತಿದೀರಾ?”

ಅವನು ಜೇಬಿಗೆ ಕೈ ಹಾಕಿದ. ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟ.

“ನೀವೇ ನೋಡ್ಕೊಳ್ಳಿ. ನಿಮ್ಮಿಂದ ಈ ಮಾತು ಬರುತ್ತೆ ಅಂದ್ಕೊಂಡಿರಲಿಲ್ಲ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಇಳಿಯುತ್ತ ಹೋಯಿತು.

ಪೆನ್‌ಡ್ರೈವಿನಲ್ಲಿದ್ದುದು ಡ್ರೈವರ್ ಫೈಲ್ ಮಾತ್ರ. ಆದರೂ ಅಂಕಿ ಸುಳ್ಳು ಹೇಳುವುದುಂಟೇ? ನಾಲ್ಕಕ್ಕೆ ಪುಟ ಅಚ್ಚಿಗೆ ಹೋಗಬೇಕು. ಕಾರ್ಡ್ ಕಳಪೆ ಎಂದು ಅವಳು ಬರೆದಂತೆಯೇ ಹೋದರೆ ಅವನ ಮೊದಲ ಕೆಲಸವೇ ಕೊನೆಯದು. ಬರೆದದ್ದು ತಪ್ಪಾಗಿದ್ದರೆ...?

ಕಾರ್ಡನ್ನು ಮತ್ತೆ ಓಡಿಸಿದಳು. ಅವನಂತೆಯೇ ಕಣ್ಣು ಮುಚ್ಚಿದಳು.

ಫ್ಯಾನುಗಳ ದನಿ ನಿನ್ನೆಯದಲ್ಲ! ಹೇಳಬೇಕಾದುದನ್ನು ನುಂಗಿಕೊಂಡವರ ಹಾಗೆ, ತಗ್ಗಿದ ದನಿ.

ಟಾರ್ಚ್ ಹಿಡಿದು ಬಗ್ಗಿದಳು. ಕಾರ್ಡಿನ ಅಂಚಿನಲ್ಲಿ ಉಗುರಿನಷ್ಟು ಸಣ್ಣ ಸ್ವಿಚ್. ಒಂದು ಕಡೆ ವೇಗ, ಇನ್ನೊಂದು ಕಡೆ ನಿಶ್ಶಬ್ದ. ಅದು ನಿಶ್ಶಬ್ದದ ಕಡೆಗಿತ್ತು. ಫ್ಯಾನು ನಿಧಾನವಾಗಿ ತಿರುಗಿದ್ದಕ್ಕೇ ಶಾಖ ಏರಿ ಅಂಕಿ ಕುಸಿದಿತ್ತು.

ಅಯ್ಯೋ... ಮೊದಲ ದಿನ ಸಂಜೆ ಸದ್ದು ಅಳೆಯಲೆಂದು ಸರಿಸಿದವಳು ತಾನೇ! ಮರಳಿ ಸರಿಸುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತು, “ನಾಳೆ ಬರ್ಲಾ?” ಎಂದು ಕೇಳಿದ್ದ. ಅಷ್ಟೇ. ಉಳಿದದ್ದೆಲ್ಲ ಮರೆತುಹೋಗಿತ್ತು.

“ಚಿಕ್ಕಮ್ಮ! ಪುಟ ಕಳಿಸ್ಬೇಡ! ತಪ್ಪು ನಂದು!”

ಚಿಕ್ಕಮ್ಮ ಕನ್ನಡಕ ತೆಗೆದಳು. “ಹಾಗಂತ ಅಚ್ಚಿನಲ್ಲಿ ಬರೀತೀಯಾ?”

“ಬರೀತೀನಿ.”

“ಹಾಗಾದ್ರೆ ಮೊದಲು ಬಾಯಲ್ಲಿ ಹೇಳಿ ಬಾ. ಬಸ್ ಸ್ಟಾಪಿನಲ್ಲಿ ಮುಖ ಊದಿಸ್ಕೊಂಡು ನಿಂತಿದಾನೆ, ಕಿಟಕಿಯಿಂದ ಕಾಣ್ತಿದೆ. ಎರಡು ಬಸ್ ಬಿಟ್ಟ! ಓಡು!”

ಓಡಿದಳು. ಅವನೆದುರು ನಿಂತಾಗ ಏದುಸಿರಿಗಿಂತ ಭಯವೇ ಜಾಸ್ತಿಯಾಗಿತ್ತು.

“ಸ್ವಿಚ್... ನಿಶ್ಶಬ್ದದ ಕಡೆ ಇತ್ತು. ನಾನೇ ಮರೆತೆ. ನಿಮ್ಮನ್ನ ಕಳ್ಳನ ಹಾಗೆ ನಿಲ್ಲಿಸ್ಬಿಟ್ಟೆ.”

“ಒಂದು ಮಾತು ಕೇಳಬಹುದಿತ್ತು.”

“ಕೇಳೋಕೆ ಭಯ ಆಯ್ತು. ನೀವು ಒಳ್ಳೆಯವರೇ ಅಂತ ಗೊತ್ತಾಗಿಬಿಟ್ರೆ... ಆಮೇಲೆ ನನ್ನನ್ನ ನಿಲ್ಲಿಸೋಕೆ ಏನೂ ಉಳೀತಿರಲಿಲ್ಲ.”

ಮೂರನೆಯ ಬಸ್ಸು ಬಂದು ನಿಂತಿತು; ಹೋಯಿತು. ಅವನು ಹತ್ತಲಿಲ್ಲ.

“ಎಷ್ಟು ಡಿಗ್ರಿ ಇದೆ ಈಗ, ಥರ್ಮಾಮೀಟರ್?”

“ಎಂಬತ್ತು ದಾಟಿದೆ.” ಅಳುವಿನ ನಡುವೆ ನಗು. “ಕೊನೆಯ ಪರೀಕ್ಷೆ ಬಾಕಿ ಇದೆ. ಒಬ್ಬಳ ಕೈಲಾಗಲ್ಲ. ನೀವು ಜೊತೆಗಿದ್ರಿ ಅಂತಾನೂ ವರದಿಯಲ್ಲಿ ಬರೀತೀನಿ.”

ಮತ್ತೆ ಅದೇ ಕೋಣೆಯಲ್ಲಿ ಅವನು ಮೇನ್ ಸ್ವಿಚ್ ಮೇಲೆ ಬೆರಳಿಟ್ಟು ನಿಂತ. ಅವಳು ಸಣ್ಣ ಸ್ವಿಚ್ಚನ್ನು ವೇಗದ ಕಡೆಗೆ ಸರಿಸಿ, ಕಂಪ್ಯೂಟರ್ ಚಾಲೂ ಮಾಡಿ, ವೇಗ ಏರಿಸತೊಡಗಿದಳು. ಫ್ಯಾನುಗಳು ಗಂಟಲು ಬಿಚ್ಚಿದವು. ಎಪ್ಪತ್ತೆಂಟು... ಎಪ್ಪತ್ತೊಂಬತ್ತು... ಎಂಬತ್ತು. ಅವಳ ಬೆರಳು ಕೀಲಿಯ ಮೇಲೆ ನಿಂತಿತು.

“ಆರಿಸ್ಲಾ?”

“ಬೇಡ. ಕೈ ಮಾತ್ರ ಅಲ್ಲೇ ಇರಲಿ.”

“ಎಲ್ಲೀವರೆಗೆ?”

“ನಾನು ಸಾಕು ಅನ್ನೋವರೆಗೆ.”

“ಸಾಕು ಅನ್ನದೇ ಹೋದ್ರೆ?”

ಅವಳು ಪರದೆಯಿಂದ ಕಣ್ಣು ತೆಗೆದು, ಮೊದಲ ಬಾರಿಗೆ ಭಯವಿಲ್ಲದೆ ಅವನನ್ನು ನೋಡಿದಳು.

“ಅದಕ್ಕೇ ಅಲ್ವಾ ಕರೆದದ್ದು...”