ಎಡಗೈಯಲ್ಲಿ ಮೂಡಿದ ಚಿತ್ರ

"ಏಯ್! ಯಾರ್ರೀ ಅದು, ಟಿವಿ ಹಿಂದೆ?"

ಆಸ್ಪತ್ರೆ ಡ್ಯೂಟಿ ಮುಗಿಸಿ ಮನೆಗೆ ಬಂದ ನರ್ಸ್ ಬಾಗಿಲಲ್ಲೇ ನಿಂತುಬಿಟ್ಟಳು. ಧೂಳು ಮೆತ್ತಿದ ತಲೆಯೊಂದು ನಿಧಾನವಾಗಿ ಮೇಲೆದ್ದಿತು. ಕೊರಳಲ್ಲಿ ಕೇಬಲ್ ಸುರುಳಿ, ಕಣ್ಣಲ್ಲಿ ನಗು.

"ಹೋಮ್ ಥಿಯೇಟರ್ ಕಂಪ್ಯೂಟರ್ ಕೂರಿಸೋಕೆ ಬಂದಿದೀನಿ ಮೇಡಂ. ನಿಮ್ಮಪ್ಪಾನೇ ಕರೆಸಿದ್ದು."

ಆ ನಗು ನೇರವಾಗಿ ಎದೆಗೆ ತಾಕಿತು. ಛೆ, ಏನಿದು!

ಅವಳಪ್ಪ ಮೂವತ್ತು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದ ಮೇಲೆ ಗೋಡೆ ನೋಡುತ್ತಾ ಕೂತುಬಿಟ್ಟಿದ್ದರು. ಅಂಥವರು ಈಗ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಿದ್ದರು!

"ಈ ಒಂದೇ ವೈರಲ್ಲಿ ನೂರಾರು ಚಾನೆಲ್ ಒಟ್ಟಿಗೇ ಬರ್ತಿರತ್ತೆ," ಅವನು ಬಿಡಿಸಿ ಹೇಳಿದ. "ಒಂದೊಂದು ಟ್ಯೂನರ್ ಒಂದೊಂದನ್ನ ಹೆಕ್ಕಿ ಕೊಡತ್ತೆ. ನಾಲ್ಕು ಟ್ಯೂನರ್ ಇದೆಯಲ್ಲ, ಒಂದು ನೋಡ್ತಾ ಮೂರು ರೆಕಾರ್ಡ್ ಮಾಡ್ಕೋಬಹುದು."

'ಇಷ್ಟು ತೆಳ್ಳಗಿನ ವೈರಿನೊಳಗೆ ಅಷ್ಟೊಂದು ಜನರಾ!' ಅವಳು ಬೆರಗಾದಳು.

ಮರುದಿನವೂ ಬಂದ. ಅದರ ಮರುದಿನವೂ. ಕೆಲಸ ಮಾತ್ರ ಮುಗಿಯಲೊಲ್ಲದು. ಸಂಜೆ ಮೆಟ್ಟಿಲು ಹತ್ತುವಾಗ ತನ್ನ ಹೆಜ್ಜೆ ಚುರುಕಾಗುತ್ತಿರುವುದನ್ನು ಅವಳೂ ಗಮನಿಸಿದ್ದಳು...

ಆರನೇ ದಿನ ಬಾಲ್ಕನಿಯಲ್ಲಿ ಅವನು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿತ್ತು.

"ಮೊದಲ ದಿನಾನೇ ಮುಗಿದಿತ್ತು ಕಣೋ. ಆಮೇಲೆ ದಿನಾ ಬಿಚ್ಚೋದು, ಮತ್ತೆ ಹಾಕೋದು..."

ಅವಳ ಮೈಯೆಲ್ಲ ಉರಿದುಹೋಯಿತು.

"ಕಾಯಿಲೆ ಮನುಷ್ಯನ ಕಿವಿಗೆ ಹೂ ಇಡ್ತಿದೀರಾ? ನಡೀರಿ ಹೊರಗೆ!"

ಅವನು ಬಾಯಿ ತೆರೆದ. ಒಳಗೆ ಕೂತಿದ್ದ ಅಪ್ಪನ ಕಡೆ ನೋಡಿದ. ಮೆಟ್ಟಿಲಿಳಿದು ಹೋದ.

"ಪುಟ್ಟೀ..." ಅಪ್ಪನ ತೊದಲು ದನಿ. "ಬಿಚ್ಚಿ ಹಾಕು ಅಂದಿದ್ದು ನಾನು. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ದೂ ನಾನೇ. ಈ ಎಡಗೈಗೆ ಕೆಲಸ ಕಲಿಸ್ಬೇಕಿತ್ತು."

"ಅಪ್ಪಾ!"

"ನಾಲ್ಕೇ ದಿನಕ್ಕೆ ಕಲಿತೆ. ಇನ್ನೆರಡು ದಿನ ಯಾಕೆ ಬಂದ ಅಂತ ಅವನನ್ನೇ ಕೇಳು. ಮೊದಲು ಇಲ್ನೋಡು."

ಅವರು ಕೇಬಲ್ ಕಿತ್ತರು. ಅದನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಟ್ಯೂನರ್ ಪೆಟ್ಟಿಗೆಯನ್ನು ಮಡಿಲಿಗೆಳೆದು, ಎಡಗೈಯ ಎರಡೇ ಬೆರಳಲ್ಲಿ ಕೇಬಲ್ ತುದಿಯ ತಿರುಪು ತಿರುಗಿಸತೊಡಗಿದರು. ಜಾರಿತು. ಮತ್ತೆ ಹಿಡಿದರು. ಸಹಾಯಕ್ಕೆ ಚಾಚಿದ ಅವಳ ಕೈಯನ್ನು ತಲೆಯಾಡಿಸಿ ತಡೆದರು.

ಅವಳು ಉಸಿರು ಬಿಗಿಹಿಡಿದು ನಿಂತಳು.

ತಿರುಪು ಬಿಗಿಯಾಗಿ ಕೂತಿತು. ಅಪ್ಪ ರಿಮೋಟಿನ ಗುಂಡಿ ಒತ್ತಿದರು. ತೆರೆಯ ಮೇಲೆ ಚಾನೆಲ್ ಎಣಿಕೆ ಏರತೊಡಗಿತು. ಹತ್ತು... ತೊಂಬತ್ತು... ಮುನ್ನೂರ ಹನ್ನೆರಡು! ಮರುಕ್ಷಣ ತೆರೆ ನಾಲ್ಕು ಭಾಗವಾಯಿತು. ಒಂದರಲ್ಲಿ ಕಡಲು, ಒಂದರಲ್ಲಿ ಓಡುವ ಕುದುರೆಗಳು, ಒಂದರಲ್ಲಿ ಹಾಡುವ ಹೆಂಗಸು, ಇನ್ನೊಂದರಲ್ಲಿ ಸುರಿಯುವ ಹಿಮ... ಎಲ್ಲ ಒಟ್ಟಿಗೇ!

ಅವಳಿಗೆ ಮೈ ಜುಮ್ಮೆಂದಿತು. ಆದರೆ ಅವಳು ನೋಡುತ್ತಿದ್ದುದು ತೆರೆಯನ್ನಲ್ಲ. ಆ ಬೆಳಕು ಬಿದ್ದ ಅಪ್ಪನ ಮುಖವನ್ನು.

"ಷೋ ಶುರು," ಎಂದರು ಅಪ್ಪ.

ಅವಳು ಕಣ್ಣೊರೆಸಿಕೊಳ್ಳುತ್ತಾ ಮೆಟ್ಟಿಲಿಳಿದು ಓಡಿದಳು. ಅವನು ಗೇಟಿನ ಬಳಿ ಕಟ್ಟೆಯ ಮೇಲೆ ಕೂತಿದ್ದ.

"ಹೇಳ್ಬಾರದಿತ್ತಾ?" ಏದುಸಿರು ಬಿಡುತ್ತಾ ಕೇಳಿದಳು.

"ಮಾತು ಕೊಟ್ಟಿದ್ದೆ ಮೇಡಂ."

"ತಪ್ಪಾಯ್ತು ಕಣ್ರೀ... ಅದ್ಸರಿ, ಅಪ್ಪ ನಾಲ್ಕೇ ದಿನಕ್ಕೆ ಕಲಿತ್ರಂತೆ. ಮತ್ತೆರಡು ದಿನ ಯಾಕ್ ಬಂದ್ರಿ?"

ಅವನು ನೆಲ ನೋಡಿದ. ಕಿವಿ ಕೆಂಪಾಯಿತು.

"ನೀವು ಮನೆಗೆ ಬರೋದನ್ನ ನೋಡೋಕೆ."

ಎದೆ ಬಡಿತ ಅವನಿಗೂ ಕೇಳಿಸೀತೇನೋ ಎಂದು ಅವಳಿಗೆ ಭಯವಾಯಿತು!

"ನಾಳೆ ಏನ್ ನೆಪ ಹೇಳ್ತೀರಿ?"

"ಯಾವ್ದೂ ಉಳಿದಿಲ್ಲ..."

"ನೆಪ ಬೇಡ," ಅವಳು ಕೈ ಚಾಚಿದಳು. "ನಾನೇ ಕರೀತಿದೀನಲ್ಲ, ಬನ್ನಿ."