ಮೂರು ಗುಟುಕಿಗೆ ಮುಗಿಯದ ಬಟ್ಟಲು

ಒಂದಾನೊಂದು ಕಾಲಕ್ಕೆ ಏಳು ಬೆಟ್ಟಗಳಾಚೆ ನೀರಾವರವೆಂಬ ರಾಜ್ಯವಿತ್ತು. ಅಲ್ಲಿ ನೀರೊಂದನ್ನು ಬಿಟ್ಟು ಉಳಿದೆಲ್ಲದಕ್ಕೂ ಕೊರತೆ. ಶೋಷಣನೆಂಬ ಮಾಂತ್ರಿಕ ಬಂದ ಮೇಲೆ ನೀರಿಗೂ ಕೊರತೆಯಾಯಿತು.

ಅವನು ಮೊದಲ ದಿನ ಅರಮನೆಯ ಕೊಳ ಕುಡಿದ. ಎರಡನೆಯ ದಿನ ಊರ ಕೆರೆ ಕುಡಿದ. ಮೂರನೆಯ ದಿನ ಹೊಳೆಯನ್ನೇ ಕುಡಿದು, ರಾಜನ ಸಭೆಯಲ್ಲಿ ಕಾಲು ಚಾಚಿ ಕೂತು ಪಣ ಕಟ್ಟಿದ. ಯಾರು ಏನೇ ಕುಡಿಯಲು ತಂದಿಟ್ಟರೂ ಮೂರೇ ಗುಟುಕಿಗೆ ಪಾತ್ರೆಯ ತಳ ಕಾಣಿಸುತ್ತೇನೆ; ಕಾಣಿಸದಿದ್ದರೆ ಕುಡಿದದ್ದೆಲ್ಲ ವಾಪಸು; ಕಾಣಿಸಿದರೆ ತಂದವರ ಮೈಯೊಳಗಿನ ನೀರೂ ನನ್ನದೇ, ಎಂದ. ರಾಜನಿಗೆ ಇದು ನ್ಯಾಯವಾಗಿಯೇ ಕಂಡಿತು. ತಾನೇನೂ ತಂದಿಡಬೇಕಿರಲಿಲ್ಲವಲ್ಲ.

ಸೋತವರು ಒಣಗಿ ಹೊಟ್ಟಿನಂತಾಗುತ್ತಿದ್ದರು. ಉಸಿರು ಮಾತ್ರ ಇರುತ್ತಿತ್ತು. ಅವರನ್ನು ಗೋಡೆಗೊರಗಿಸಿಟ್ಟು, ಸೋತ ಒಂಬತ್ತನೆಯ ದಿನ ಸಂಜೆ ಶೋಷಣ ಒಲೆಗೆ ಹಾಕುತ್ತಿದ್ದ.

ಅರಮನೆಯ ಬಾಗಿಲಲ್ಲಿ ಸೊಗದೆ ಬೇರಿನ ಪಾನಕ ಮಾರುತ್ತಿದ್ದ ಬೊಮ್ಮಕ್ಕನ ಗಂಡ ಬಾಚಯ್ಯನೂ ಪಣಕ್ಕೆ ಹೋದ. ಊರಲ್ಲಿ ಉಳಿದಿದ್ದ ಮಜ್ಜಿಗೆಯನ್ನೆಲ್ಲ ಒಂದು ತೊಟ್ಟಿಗೆ ತುಂಬಿಸಿಕೊಂಡು ಹೋಗಿದ್ದ. ಅವನಿಗಿಂತ ಮುಂಚೆ ಹೋದವರು ಹಂಡೆ ಒಯ್ದಿದ್ದರು, ಕೊಪ್ಪರಿಗೆ ಒಯ್ದಿದ್ದರು. ಸೋತಷ್ಟೂ ಪಾತ್ರೆ ದೊಡ್ಡದು ಮಾಡುವುದೊಂದೇ ಆ ಗಂಡಸರಿಗೆ ಹೊಳೆದ ಉಪಾಯ. ಶೋಷಣ ತೊಟ್ಟಿಯನ್ನು ಎರಡೇ ಗುಟುಕಿಗೆ ಮುಗಿಸಿದ.

ಗೋಡೆಗೊರಗಿದ್ದ ಗಂಡನನ್ನು ಬೊಮ್ಮಕ್ಕ ನೋಡಿಬಂದಳು. ಎತ್ತಿದರೆ ಚಾಪೆಯಷ್ಟೂ ಭಾರವಿರಲಿಲ್ಲ. ಅಳೋಣವೆಂದರೆ ಕಣ್ಣಲ್ಲಿ ನೀರಿರಲಿಲ್ಲ. ಕೂತು ಯೋಚಿಸಿದಳು. ಇಷ್ಟು ವರ್ಷದ ವ್ಯಾಪಾರದಲ್ಲಿ ಯಾರಿಗೂ ಗಟಗಟ ಕುಡಿಯಲಾಗದ್ದೆಂದರೆ ಒಂದೇ. ಹಿಂದೊಮ್ಮೆ ಹುಳಿಯೆದ್ದು ಗುಳ್ಳೆಯೇಳುತ್ತಿದ್ದ ಪಾನಕಕ್ಕೆ ಕೈತಪ್ಪಿ ಕೆನೆಗಡ್ಡೆ ಬಿದ್ದು, ನೊರೆಯುಕ್ಕಿ ಅಂಗಡಿಯೆಲ್ಲ ರಾಡಿಯಾಗಿತ್ತು. ಬಾಯಿಟ್ಟವರ ಮೂಗಿಗೇರಿತ್ತು.

ಶೋಷಣ ಮುಟ್ಟದೆ ಬಿಟ್ಟ ಜಾಗಗಳು ಮೂರೇ ಇದ್ದವು. ಅವಳು ಮೂರಕ್ಕೂ ಹೊರಟಳು.

ಮೊದಲನೆಯದು ಸುಡುಗಾಡಿನಾಚೆಯ ಹೂಳುವ ನೆಲ. ಅಲ್ಲಿ ಸೊಗದೆ ಬೇರು ಸತ್ತವರ ಮೂಳೆಗಳನ್ನು ಸುತ್ತಿಕೊಂಡು ಬೆಳೆದಿತ್ತು. ಮನುಷ್ಯರ ಕೈಗಳಿದ್ದ ನರಿಯೊಂದು ಕಾವಲಿತ್ತು. ಬೇರು ತಗೋ, ಮೂಳೆ ಮಾತ್ರ ಯಾರದ್ದು ಯಾರಿಗೆ ಸೇರಬೇಕೋ ಅಲ್ಲೇ ಇಡು, ಎಂದಿತು. ಬೊಮ್ಮಕ್ಕ ಮೂರು ದಿನ ಅಗೆದಳು, ಮೂರು ದಿನವೂ ಜೋಡಿಸಿದಳು. ಸಣ್ಣ ಮೂಳೆಗಳೇ ಹೆಚ್ಚಿದ್ದವು. ನರಿ ಒಂದೊಂದನ್ನೂ ಮುಟ್ಟಿ ನೋಡಿ ಬೇರನ್ನು ಬಿಟ್ಟುಕೊಟ್ಟಿತು.

ಎರಡನೆಯದು ಕಲ್ಲಾಮೆಯ ಚಿಲುಮೆ. ತಳದಲ್ಲಿ ಮಲಗಿದ ಆಮೆಯ ಉಸಿರೇ ಅಲ್ಲಿ ಗುಳ್ಳೆಗಳಾಗಿ ಏಳುತ್ತಿತ್ತು. ಉಸಿರಿಗೆ ಉಸಿರು ಕೊಡಬೇಕು ಎಂದಿತು ಆಮೆ. ಬೊಮ್ಮಕ್ಕ ಅದರ ಮೂಗಿಗೆ ಬಾಯಿಟ್ಟು ಊದಿದಳು. ಕೊಡ ತುಂಬುವ ಹೊತ್ತಿಗೆ ಮೂರು ದಿನ ಕಳೆದಿತ್ತು, ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು.

ಮೂರನೆಯದು ಹಿಮದ ಶಿಖರ. ಅಲ್ಲಿದ್ದ ಬಿಳಿ ಹಸುವಿನ ಹಾಲು ನೆಲ ಮುಟ್ಟುವ ಮೊದಲೇ ಕೆನೆಗಡ್ಡೆಯಾಗಿ ಹೆಪ್ಪುಗಟ್ಟುತ್ತಿತ್ತು. ಆದರೆ ಕರು ಸತ್ತು ಹಸು ಹಾಲು ಬಿಡದೆ ನಿಂತಿತ್ತು. ಬೊಮ್ಮಕ್ಕ ಹಿಮದ ಮೇಲೆ ಕರುವಿನಂತೆ ನಾಲ್ಕು ಕಾಲಾಗಿ ನಿಂತು, ಎರಡು ದಿನ ಅದರ ಹಿಂದೆ ಮುಂದೆ ಸುಳಿದಾಡಿದಳು. ಎರಡು ಕಾಲ್ಬೆರಳು ಕಪ್ಪಾಗಿ ಉದುರಿದವು. ಕೊನೆಗೆ ಹಸು ಅವಳ ಬೆನ್ನು ನೆಕ್ಕಿ ಹಾಲಿಳಿಸಿತು. ಗಡ್ಡೆಯನ್ನು ಜೊತೆಗೆ ತಂದಿದ್ದ ಭತ್ತದ ಹೊಟ್ಟಿನಲ್ಲಿ ಹುದುಗಿಸಿ ಕಂಬಳಿಯಲ್ಲಿ ಸುತ್ತಿ ಅವಳು ಇಳಿದಳು. ಹಸು ಕರುವನ್ನು ಕರೆಯುವಂತೆ ಬೆಟ್ಟದ ಬುಡದವರೆಗೂ ಕೂಗಿತು. ಬೊಮ್ಮಕ್ಕ ತಿರುಗಿ ನೋಡಲಿಲ್ಲ. ನೋಡಿದ್ದರೆ ಬರಲಾಗುತ್ತಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಸಭೆಗೆ ಬಂದಾಗ ಒಲೆ ಹೊತ್ತಿತ್ತು. ಬೇರಿಗೆ ಚಿಲುಮೆಯ ನೀರು ಸ್ವಲ್ಪ ಹಾಕಿ ಅದೇ ಒಲೆಯ ಮೇಲೆ ಕುದಿಸಿ ಕಪ್ಪು ಕಷಾಯ ಇಳಿಸಿ, ಬೆಲ್ಲ ಹಾಕಿ, ಆರಿಸಿದಳು. ಆಮೇಲೆ ಸೆರಗಿನಿಂದ ಒಂದು ಕಂಚಿನ ಬಟ್ಟಲು ತೆಗೆದಳು. ಬೊಗಸೆಯಲ್ಲಿ ಹಿಡಿಸುವಂಥದ್ದು.

ಶೋಷಣನಿಗೆ ನಗು ಬಂತು. "ಇಷ್ಟೇನಾ ಮುದುಕಿ?"

"ಇಷ್ಟೇ ಸ್ವಾಮಿ. ಬಡವರ ಮನೆಯದು."

"ನಿನ್ನ ಗಂಡ ತೊಟ್ಟಿ ತಂದಿದ್ದ."

"ಅವರದ್ದು ದೊಡ್ಡ ಕೈ," ಎಂದಳು ಬೊಮ್ಮಕ್ಕ.

ಕಷಾಯಕ್ಕೆ ಉಳಿದ ಚಿಲುಮೆಯ ನೀರು ಬೆರೆಸಿ ಬಟ್ಟಲಿಗೆ ಹೊಯ್ದು, ಕೆನೆಗಡ್ಡೆಯನ್ನು ಮೆಲ್ಲಗೆ ಬಿಟ್ಟಳು. ಅದು ಮುಳುಗಿ, ಮತ್ತೆದ್ದು, ತೇಲಿತು. ಸುತ್ತ ನೊರೆ ಉಕ್ಕಿತು.

ಶೋಷಣ ಮೊದಲ ಗುಟುಕು ಎಳೆದ. ಬಾಯಿ ತುಂಬ ನೊರೆ, ಗಂಟಲಲ್ಲಿ ಗಾಳಿ. ಬಟ್ಟಲಲ್ಲಿ ಕೆನೆ ಒಂದಷ್ಟು ಕರಗಿ ಮತ್ತೆ ನೊರೆಯಾಗಿ ಅಂಚಿಗೆ ಬಂತು. ಎರಡನೆಯ ಗುಟುಕು ಎಳೆದ. ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಆ ರಾಜ್ಯದಲ್ಲಿ ಎಷ್ಟೋ ದಿನಗಳ ಮೇಲೆ ಕಂಡ ಮೊದಲ ಕಣ್ಣೀರು ಅದು. ನೊರೆ ಮತ್ತೆ ಅಂಚಿಗೆ ಬಂತು.

"ಅವಸರವೇನಿಲ್ಲ, ಕೂತು ತಣ್ಣಗೆ ಕುಡೀರಿ," ಎಂದಳು ಬೊಮ್ಮಕ್ಕ.

ಕಾಯುವುದೊಂದನ್ನು ಅವನು ಕಲಿತಿರಲಿಲ್ಲ. ಕೊಳ ಕುಡಿದ ಬಾಯನ್ನು ಹಾಗೇ ತೆರೆದು ಮೂರನೆಯ ಗುಟುಕು ಎಳೆದ. ಆಮೆಯ ಉಸಿರೆಲ್ಲ ಹೊಟ್ಟೆಗಿಳಿಯಿತು. ಬಟ್ಟಲು ಕೆಳಗಿಟ್ಟ. ಎಲ್ಲರೂ ಬಗ್ಗಿ ನೋಡಿದರು. ನೊರೆ ಮೆಲ್ಲಗೆ ಕೂತಿತು; ಕಪ್ಪು ಪಾನಕ ಅರ್ಧ ಬಟ್ಟಲು ಹಾಗೇ ಇತ್ತು, ಅದರ ಮೇಲೆ ಕೆನೆಯ ಚೂರು ತೇಲುತ್ತಿತ್ತು.

ಶೋಷಣ ಏನೋ ಹೇಳಲು ಬಾಯಿ ತೆರೆದ. ತೇಗು ಬಂತು. ತೇಗಿನ ಹಿಂದೆ ಮಜ್ಜಿಗೆ, ಮಜ್ಜಿಗೆಯ ಹಿಂದೆ ಹೊಳೆ, ಕೆರೆ, ಕೊಳ ಎಲ್ಲ ನುಗ್ಗಿ ಬಂದವು. ಪೂರ್ತಿ ಬರಿದಾದ ಮೇಲೆ ಅವನು ಬೆಳ್ಳುಳ್ಳಿ ಸಿಪ್ಪೆಯಷ್ಟಾಗಿ ನೀರಿನ ಮೇಲೆ ತೇಲಿಹೋದ. ಒಲೆ ಆರಿತು.

ಗೋಡೆಗೊರಗಿದ್ದವರು ನೀರಲ್ಲಿ ನೆನೆದು ಒಬ್ಬೊಬ್ಬರಾಗಿ ತುಂಬಿಕೊಂಡರು. ಒಲೆಗೆ ಹೋದವರು ಬರಲಿಲ್ಲ. ಅವರ ಮನೆಯವರು ಸಭೆಯ ಬಾಗಿಲಲ್ಲಿ ನಿಂತು ಬಹಳ ಹೊತ್ತು ಕಾದು, ಮಂಡಿಯುದ್ದದ ನೀರಲ್ಲಿ ನಡೆದು ಮನೆಗೆ ಹೋದರು.

ಬಾಚಯ್ಯ ಕಣ್ಣು ಬಿಟ್ಟ. ಬಿಳಿಗೂದಲ ಹೆಂಡತಿಯನ್ನು ಗುರುತಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಗುರುತು ಹತ್ತಿದ ಮೇಲೆ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಲ್ಲದ ಜಾಗವನ್ನು ಹೆಬ್ಬೆಟ್ಟಿನಿಂದ ಸವರಿದ. ಆಮೇಲೆ ಬಾಯಾರಿ ಬಟ್ಟಲಿಗೆ ಕೈ ಚಾಚಿದ. ಅವಳು ಮಣಿಕಟ್ಟು ಹಿಡಿದಳು.

"ಹಾಗೆ ಕುಡಿಯೋದಲ್ಲ ರೀ. ಚಮಚ ತರ್ತೀನಿ, ಇರಿ."

ಅಂದಿನಿಂದ ನೀರಾವರದಲ್ಲಿ ಬೇರಿನ ಪಾನಕದ ಮೇಲೆ ಕೆನೆಗಡ್ಡೆ ತೇಲಿಬಿಟ್ಟು, ಬಟ್ಟಲೊಂದಕ್ಕೆ ಇಬ್ಬರು ಕೂತು, ಚಮಚದಲ್ಲಿ ತಿನ್ನುತ್ತ ಕುಡಿಯುತ್ತಾರೆ. ಜೊತೆಗೆ ಕೂರುವವರಿಲ್ಲದ ಮನೆಗೆ ನೆರೆಯವರು ಬಟ್ಟಲು ಹಿಡಿದು ಹೋಗುತ್ತಾರೆ. ಹೀಗೆ ಎಲ್ಲರೂ ಸುಖವಾಗಿದ್ದರು, ಸುಖ ಎಷ್ಟು ಉಳಿದಿತ್ತೋ ಅಷ್ಟರಲ್ಲಿ. ಹೇಳಿದವಳ ಗಂಟಲೂ ಕೇಳಿದವರ ಗಂಟಲೂ ಒಣಗದಿರಲಿ.